ಎಲೆಯಡಿಯ ಕೊಕ್ಕುಗಳು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದೆ. ಸಮಯವಿರಲಿಲ್ಲ ಎಂದಲ್ಲ. ಕೆಲಸ ಬಿಟ್ಟು ಕೂತ ಮುದುಕನಿಗೆ ಸಮಯಕ್ಕೇನು ಬರ? ಬರೆಯಲು ಕೂತಾಗಲೆಲ್ಲ ಮೊದಲ ಪುಟದಲ್ಲೇ ಬೇರೆಯವರನ್ನು ಬಯ್ಯಲು ಶುರುಮಾಡುತ್ತಿದ್ದೆ. ಅಪಾರ್ಟ್‌ಮೆಂಟಿನವರನ್ನು, ಕಂಪ್ಯೂಟರ್ ಕಂಪನಿಗಳನ್ನು, ಕೊನೆಗೆ ಗಣಪತಿಯನ್ನೂ. ಬೈದು ಬೈದು ಮೈ ಹಗುರಾದಂತಾಗಿ ಹಾಳೆ ಹರಿದು ಎಸೆಯುತ್ತಿದ್ದೆ. ಹಾಗೆ ಅಗ್ಗದಲ್ಲಿ ಹಗುರಾಗುವುದು ನನ್ನ ಹಳೆಯ ಚಾಳಿ. ಈ ಸಲ ಬೈಗುಳ ಎಲ್ಲಿಗೆ ಸಲ್ಲಬೇಕೋ ಅಲ್ಲಿಗೇ ಸಲ್ಲಲಿ.

ಕಳೆದ ವಾರ ಆ ಕುಂಟೆಯ, ಆ ಪುಟ್ಟ ಕೆರೆಯ, ಕಡೆ ಹೋಗಿದ್ದೆ. ಹೈದರಾಬಾದಿನ ಉಪ್ಪಲ್ ದಾಟಿ ಇನ್ನೂ ಮುಂದೆ, ಈಗ ಊರೇ ಆಗಿಹೋದ ಜಾಗ. ದಂಡೆಗೆ ಟೈಲ್ಸ್ ಹಾಕಿದ್ದಾರೆ. ಒಂದು ಹಸಿರು ಬೋರ್ಡು ನಿಲ್ಲಿಸಿ, ಅದರ ಮೇಲೆ ಗುಲಾಬಿ ಬಣ್ಣದ ರಾಜಹಂಸದ ಚಿತ್ರ ಬರೆಸಿ, ಹಕ್ಕಿಗಳನ್ನು ಪ್ರೀತಿಸಿ ಎಂದು ಇಂಗ್ಲಿಷಿನಲ್ಲಿ ಹಾಕಿದ್ದಾರೆ. ನನ್ನ ಮೈ ಉರಿದುಹೋಯಿತು. ಆ ನೀರಿಗೆ ರಾಜಹಂಸ ಎಂದೂ ಬಂದಿಲ್ಲ. ಬಂದ ಹಕ್ಕಿಯ ಮರಿಗಳನ್ನು ನಾವು ಕೊಂದೆವು. ನಾವು ಎಂದೆನಲ್ಲ, ನೋಡಿ, ಮತ್ತೆ ಅದೇ ಚಾಳಿ. ನಾನು ಕೊಂದೆ.

ನಾವು ರಾಯಚೂರು ಕಡೆಯವರು. ನಾನು ಇನ್ನೂ ಅಂಬೆಗಾಲಿಡುತ್ತಿದ್ದಾಗ ಅವ್ವ ತೀರಿಹೋದಳು. ಅಪ್ಪ ಬೇಗನೆ ಇನ್ನೊಂದು ಮದುವೆಯಾಗಿ ನಮ್ಮನ್ನು ಮರೆತ. ನನ್ನನ್ನು ಸೊಂಟದಿಂದ ಇಳಿಸದೆ ಸಾಕಿದವಳು ಅಕ್ಕ. ಅವಳೂ ಆಗ ಲಂಗ ತೊಡುವ ಹುಡುಗಿ. ಟೈಪಿಂಗ್ ಕಲಿತು, ಬೇಗಂಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ನೌಕರಿ ಹಿಡಿದು, ನನ್ನನ್ನೂ ಹೈದರಾಬಾದಿಗೆ ಕರೆತಂದಳು. ಅಮೀರ್‌ಪೇಟ್‌ನ ಒಂದು ಬಾಡಿಗೆ ಮನೆಯಲ್ಲಿ ಇಟ್ಟುಕೊಂಡು ಹೈಸ್ಕೂಲು ಓದಿಸಿದಳು. ಮುಂದೆ ಓದು ಎಂದಳು, ನಾನು ಓದಲಿಲ್ಲ. ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆದೆ. ಅಕ್ಕ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಅವಳದು ನನ್ನಿಂದಾಗಿ, ನನ್ನದು ನನ್ನ ಸ್ವಭಾವದಿಂದಾಗಿ.

ಆಮೇಲೆ ಸಾಫ್ಟ್‌ವೇರ್ ಸುಗ್ಗಿ ಬಂತು. ಅಮೀರ್‌ಪೇಟ್‌ನ ಗೋಡೆಗೋಡೆಯ ಮೇಲೂ ಜಾವಾ ಕಲಿಸುತ್ತೇವೆಂಬ ಬ್ಯಾನರು. ಮನೆಯ ಮಾಲೀಕ ಒಂದೊಂದು ಕೋಣೆಗೆ ನಾಲ್ಕು ಮಂಚ ಹಾಕಿ ಇಡೀ ಮನೆಯನ್ನು ಹಾಸ್ಟೆಲ್ ಮಾಡಿದ. ನಮ್ಮನ್ನು ಮನೆ ಬಿಡಿಸಿದ. ಅಷ್ಟರಲ್ಲಿ ನನ್ನ ಕಾರ್ಖಾನೆಯೂ ಮುಚ್ಚಿತ್ತು. ಉಪ್ಪಲ್‌ನಾಚೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ನನಗೆ ಸೂಪರ್‌ವೈಸರ್ ಕೆಲಸ ಸಿಕ್ಕಿತು. ನೀರಿನ ಮೋಟರು, ಲಿಫ್ಟು, ಕಸ, ವಾಚ್‌ಮನ್ನರು, ಎಲ್ಲ ನನ್ನ ಸುಪರ್ದಿಗೆ. ಹಿಂದಿನ ಕಾಂಪೌಂಡಿಗೆ ತಾಗಿದಂತೆ ಇರಲು ಎರಡು ಕೋಣೆ ಕೊಟ್ಟರು. ನಿವೃತ್ತಳಾದ ಅಕ್ಕನೂ ಬಂದಳು. ನಮ್ಮ ಅಡುಗೆಮನೆಯ ಬಾಗಿಲು ತೆರೆದರೆ ಎದುರಿಗೇ ಆ ಕುಂಟೆ. ಅರ್ಧ ನೀರಿನ ಮೇಲೆ ನೈದಿಲೆ, ಉಳಿದರ್ಧದ ಮೇಲೆ ಅಂತರಗಂಗೆ.

ಅಲ್ಲಿ ಎಲೆಗಳ ಮೇಲೆ ನಡೆಯುವ ಒಂದು ಹಕ್ಕಿ ಇತ್ತು. ಬಿಳಿ ರೆಕ್ಕೆ, ಕತ್ತಿನ ಹಿಂದೆ ಹೊಂಬಣ್ಣ, ಕುಡುಗೋಲಿನಂತೆ ಬಾಗಿದ ಉದ್ದನೆಯ ಕಪ್ಪು ಬಾಲ. ಅದಕ್ಕೆ ಕನ್ನಡದಲ್ಲಿ ದೇವನಕ್ಕಿ ಎನ್ನುತ್ತಾರೆಂದು ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಅಕ್ಕ ಅದನ್ನು ಬಾಲದಪ್ಪ ಎನ್ನುತ್ತಿದ್ದಳು. ಯಾಕೆಂದರೆ ಮೊಟ್ಟೆಯ ಮೇಲೆ ಕೂತದ್ದು ಗಂಡು. ಹೆಣ್ಣು ನೈದಿಲೆಯ ಎಲೆಯ ಮೇಲೆ ನಾಲ್ಕು ಮೊಟ್ಟೆ ಇಟ್ಟು, ಆಚೆ ದಂಡೆಯಲ್ಲಿ ಬೇರೊಂದು ಗಂಡಿನ ಜೊತೆ ಓಡಾಡುತ್ತಿತ್ತು.

"ಏ ತಮ್ಮಾ, ಬಾ ಇಲ್ಲಿ ನೋಡು. ತಾಯಿ ಆ ದಂಡ್ಯಾಗ ಹೊಸ ಸಂಸಾರ ಹೂಡ್ಯಾಳ. ತಂದಿ ಇಲ್ಲಿ ಬಾಣಂತನ ಮಾಡಾಕತ್ತಾನ. ನಮ್ಮಪ್ಪಗ ತೋರಸಬೇಕಿತ್ತು ಇದನ್ನ."

ಅವಳು ನಕ್ಕಳು. ನನಗೆ ಮೋಟರ್ ರಿಪೇರಿಯವನು ಬರಲಿಲ್ಲವೆಂಬ ಸಿಟ್ಟು. ಹೂಂ ಎಂದು ಒಳಗೆ ಹೋದೆ.

ಶ್ರಾವಣದ ಮಳೆ ಹಿಡಿದಿದ್ದಾಗ ಮರಿಗಳು ಹೊರಬಂದವು. ನಿಂಬೆಹಣ್ಣಿನಷ್ಟು ಮೈ, ಕಂದು ಗೆರೆಗಳ ತುಪ್ಪುಳು, ಆ ಮೈಗೆ ಸ್ವಲ್ಪವೂ ಹೊಂದದ ಉದ್ದುದ್ದ ಕಾಲುಬೆರಳು. ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ಓಡುವ ಕೂಸಿನ ಹಾಗೆ ಹುಟ್ಟಿದ ದಿನವೇ ಎಲೆಯಿಂದ ಎಲೆಗೆ ಓಡಿದವು. ಬಾಲದಪ್ಪ ಅವುಗಳ ಬಾಯಿಗೆ ಏನನ್ನೂ ಇಡುತ್ತಿರಲಿಲ್ಲ. ಎಲೆ ಮಗುಚಿ ಅದರಡಿಯ ಹುಳ ತೋರಿಸಿ ಪಕ್ಕಕ್ಕೆ ಸರಿಯುತ್ತಿತ್ತು. ತಿನ್ನುವುದು ಅವುಗಳ ಕೆಲಸ. ಮಳೆ ಬಂದರೆ ಮಾತ್ರ ಬಗ್ಗಿ, ರೆಕ್ಕೆ ಸ್ವಲ್ಪ ತೆರೆದು, ಮರಿಗಳನ್ನು ಎರಡೂ ಕಂಕುಳಲ್ಲಿ ಇರುಕಿಕೊಂಡು ಎದ್ದು ನಡೆಯುತ್ತಿತ್ತು. ಕೆಳಗೆ ಮರಿಗಳ ಕಾಲುಗಳೆಲ್ಲ ಜೋತಾಡುತ್ತಿದ್ದವು.

"ನಿನ್ನನ್ನೂ ಹಿಂಗ ಎತಗೊಂಡು ನೀರಿಗೆ ಹೋಗತಿದ್ದೆ ನೋಡು," ಎಂದಳು ಅಕ್ಕ. "ಒಂದ್ ಕಂಕುಳಾಗ ನೀನು, ಇನ್ನೊಂದ್ರಾಗ ಕೊಡ."

ಒಂದು ಮರಿಯನ್ನು ಕೊಕ್ಕರೆ ನುಂಗಿತು. ಮೂರು ಉಳಿದವು. ಅವು ಬೆಳೆದ ರೀತಿ ವಿಚಿತ್ರ. ಮೊದಲು ಕಾಲು ಬೆಳೆಯಿತು, ಆಮೇಲೆ ಕತ್ತು, ಮೈ ಹಿಂದೆಯೇ ಉಳಿಯಿತು. ರೆಕ್ಕೆ ಎಂಬುದು ಎರಡು ಮೊಂಡು ತುಂಡು. ಅದನ್ನೇ ಬಡಿದು ಬಡಿದು ಎಲೆಯ ಮೇಲೆ ಕುಪ್ಪಳಿಸಿ ನೀರಿಗೆ ಬೀಳುತ್ತಿದ್ದವು. ಅಕ್ಕ ರೊಟ್ಟಿ ಬಡಿಯುತ್ತಲೇ ಬಾಗಿಲ ಕಡೆ ಕಣ್ಣಿಟ್ಟು, "ಇನ್ನೂ ಇಲ್ಲ, ಇನ್ನೂ ಇಲ್ಲ," ಎನ್ನುತ್ತಿದ್ದಳು. ಮೂವತ್ತು ವರ್ಷ ಟೈಪ್‌ರೈಟರಿನಲ್ಲಿ ಇಂಗ್ಲಿಷ್ ಕಾಗದ ಬಡಿದ ಕೈ ಅದು. ಅವಳ ಮುಖದಲ್ಲಿ ಆ ನಗೆಯನ್ನು ನಾನು ಅದಕ್ಕೂ ಮೊದಲು ಯಾವಾಗ ಕಂಡಿದ್ದೆ ಎಂದು ಈಗ ನೆನಪು ಮಾಡಿಕೊಂಡರೂ ಸಿಗುವುದಿಲ್ಲ.

ಒಂದು ಬೆಳಗ್ಗೆ ಹದ್ದು ಬಂತು. ಬಾಲದಪ್ಪ ಬೆಕ್ಕಿನಂತೆ ಕೂಗಿತು. ನಾನು ಹಲ್ಲುಜ್ಜುತ್ತ ನಿಂತಿದ್ದೆ. ಕಣ್ಣೆದುರಿಗೇ ಮೂರೂ ಮರಿ ಮಾಯವಾದವು.

"ಹೋದುವಕ್ಕಾ, ಹದ್ದು ಒಯ್ತು."

"ಎಲ್ಲಿ ಒಯ್ತು? ತಡಿ, ಸುಮ್ನಿರು. ಆ ದೊಡ್ಡ ಎಲಿ ಅಂಚಿಗೆ ನೋಡು."

ನೋಡಿದೆ. ನೀರಿನ ಮೇಲೆ ಗುಳ್ಳೆಯಂಥ ಒಂದು ಚುಕ್ಕೆ. ಕೊಕ್ಕಿನ ತುದಿ. ಮೈಯೆಲ್ಲ ನೀರೊಳಗೆ, ಎಲೆಯಡಿಗೆ. ಉಸಿರಿಗೆ ಮಾತ್ರ ಕೊಕ್ಕು ಹೊರಗೆ. ಅಪ್ಪ ಇನ್ನೊಂದು ಸದ್ದು ಮಾಡುವವರೆಗೆ ಅವು ಅಲುಗಲಿಲ್ಲ.

"ಹೆದರಿದ್ರ ಓಡಂಗಿಲ್ಲ ಅವು," ಎಂದಳು ಅಕ್ಕ. "ಅಲ್ಲೇ ಮುಳುಗತಾವ. ಓಡಾಕ ರೆಕ್ಕಿ ಎಲ್ಲಿ ಅದಾವ?"

ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಹಿಂದಿನ ವರ್ಷ ಅಪಾರ್ಟ್‌ಮೆಂಟಿನ ಗಣಪತಿಯನ್ನು ಊರ ದೊಡ್ಡ ಕೆರೆಗೆ ಒಯ್ದವರು ಲಾರಿಯ ಸಾಲಿನಲ್ಲಿ ಸಿಕ್ಕಿ, ಮಕ್ಕಳು ಹಸಿದು ಅತ್ತು, ಮರುದಿನ ಬೆಳಗ್ಗೆ ಮನೆ ಸೇರಿದ್ದರು. ಈ ಸಲ ನಮ್ಮ ಗಣಪತಿ ನಮ್ಮ ಕುಂಟೆಯಲ್ಲೇ ಮುಳುಗಲಿ ಎಂದು ತೀರ್ಮಾನಿಸಿದರು. ಅದಕ್ಕೆ ನೈದಿಲೆ, ಅಂತರಗಂಗೆ ಎಲ್ಲ ತೆಗೆದು ನೀರು ಸ್ವಚ್ಛ ಮಾಡಿಸಬೇಕು. ಅಸೋಸಿಯೇಷನ್ನಿನ ಸೆಕ್ರೆಟರಿ ಮೈಸೂರಿನ ಹುಡುಗ, ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಕೆಟ್ಟವನಲ್ಲ. ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ ಒಬ್ಬನೇ ಅವನು.

"ಈ ಕೆಲ್ಸ ನಿಮ್ಮ ಕೈಲೇ ಆಗ್ಬೇಕು," ಎಂದ. "ನಮ್ಮವ್ರು ಅಂತ ನಿಮಗೇ ವಹಿಸ್ತಿದೀನಿ."

ನಮ್ಮವರು! ಆ ಒಂದು ಮಾತಿಗೆ ನಾನು ಬಾಲ ಅಲ್ಲಾಡಿಸಿದೆ. ಬದುಕಿಡೀ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿದವನನ್ನು ಟೈ ಕಟ್ಟಿದವನೊಬ್ಬ ನಮ್ಮವರು ಎಂದನಲ್ಲ, ಸಾಕಾಗಿತ್ತು ನನಗೆ.

ಪಾರ್ಕಿಂಗಿನ ಜಾಗದಲ್ಲಿ ಮೀಟಿಂಗ್ ನಡೆಯಿತು. ಪ್ಲಾಸ್ಟಿಕ್ ಕುರ್ಚಿ, ಸಮೋಸಾ, ಚಹಾ. ನಾನು ಸೆಕ್ರೆಟರಿಯ ಪಕ್ಕದಲ್ಲಿ ನಿಂತಿದ್ದೆ. ಯಾರೂ ಕರೆಯದಿದ್ದರೂ ಅಕ್ಕ ಬಂದಳು. ಕಚೇರಿಗೆ ಉಡುತ್ತಿದ್ದ ಇಸ್ತ್ರಿಯ ಸೀರೆ ಉಟ್ಟಿದ್ದಳು. ಅದನ್ನು ಕಂಡೇ ಇವಳು ಮಾತಾಡಲು ಬಂದಿದ್ದಾಳೆಂದು ನನಗೆ ತಿಳಿಯಿತು. ಮೊದಲು ಹಿಂದಿಯಲ್ಲಿ ಶುರುಮಾಡಿ, ಸೆಕ್ರೆಟರಿ ಕನ್ನಡದವನೆಂದು ನೆನಪಾಗಿ ಅವನ ಕಡೆ ತಿರುಗಿದಳು.

"ಆ ನೈದಿಲಿಯಾಗ ಮೂರು ಮರಿ ಅದಾವ್ರಿ. ಇನ್ನೂ ರೆಕ್ಕಿ ಬಂದಿಲ್ಲ. ಒಂದ್ ತಿಂಗಳು ತಡೀರಿ, ತಾವ ಹಾರಿ ಹೋಗತಾವ. ಈ ಸರತಿ ಗಣಪ್ಪನ್ನ ದೊಡ್ಡ ನೀರಿನ ಹೌದಿನ್ಯಾಗ ಬಿಡ್ರಿ. ನಮ್ಮ ಕಡೆ ಬಾವ್ಯಾಗ ಬಿಡೂದಿಲ್ಲೇನು? ದೇವರು ಸಿಟ್ಟಾಗಂಗಿಲ್ಲ."

"ಗಣಪತಿ ಒಂದ್ ತಿಂಗ್ಳು ಕಾಯ್ತಾನಾ ಅಜ್ಜಿ? ಅವನಿಗೂ ರಿಟರ್ನ್ ಟಿಕೆಟ್ ಆಗಿದೆ," ಎಂದ ಸೆಕ್ರೆಟರಿ. ಎಲ್ಲರೂ ನಕ್ಕರು. ಆದರೆ ಅವನು ಆಮೇಲೆ ನನ್ನ ಕಡೆ ತಿರುಗಿ ನಿಜವಾಗಿಯೇ ಕೇಳಿದ: "ಏನ್ ಸಾರ್, ಮರಿ ಇದ್ಯಾ ಅಲ್ಲಿ? ನೀವು ಅಲ್ಲೇ ಇರೋದಲ್ವಾ. ಇದ್ರೆ ಹೇಳಿ, ಬೇರೆ ಏನಾದ್ರೂ ನೋಡೋಣ."

ಕೇಳಿದ. ಇದನ್ನು ಒತ್ತಿ ಬರೆಯುತ್ತೇನೆ. ಬೇರೆ ಏನಾದರೂ ನೋಡೋಣ ಎಂದ. ಇಷ್ಟು ವರ್ಷ ನಾನು ಬೈದ ಆ ಹುಡುಗ ಬಾಗಿಲು ತೆರೆದು ಹಿಡಿದಿದ್ದ. ಹೌದು ಎನ್ನಬೇಕಿತ್ತು, ಅಷ್ಟೆ.

ನಾನು, "ಎಲ್ಲಾ ಹಾರಿ ಹೋಗ್ಯಾವ್ರಿ ಸರ್," ಎಂದೆ. "ನಮ್ಮ ಅಕ್ಕಗ ರಿಟೈರ್ ಆದ ಮ್ಯಾಲೆ ಸ್ವಲ್ಪ..." ಎಂದು ಮಾತು ನಿಲ್ಲಿಸಿ, ಕಿವಿಯ ಮೇಲೆ ಬೆರಳಿಟ್ಟು ಸ್ಕ್ರೂ ತಿರುವಿದಂತೆ ತಿರುವಿದೆ.

ಮತ್ತೆ ನಗೆ. ಈ ಸಲ ಮೆಲ್ಲಗೆ, ಮರುಕದಿಂದ. ಅದು ಮೊದಲಿನದಕ್ಕಿಂತ ಕೆಟ್ಟದು. ಒಬ್ಬ ಹೆಂಗಸು ಎದ್ದು ಬಂದು ಅಕ್ಕನ ಮೊಣಕೈ ಹಿಡಿದು, "ಆಯಿಯೇ ಆಂಟಿ, ಚಾಯ್ ಪೀಜಿಯೇ," ಎಂದು ಕೂರಿಸಲು ನೋಡಿದಳು. ಅಕ್ಕ ಕೂರಲಿಲ್ಲ. ನನ್ನ ಬೆರಳನ್ನು ನೋಡುತ್ತಿದ್ದಳು. ಆ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

ಮನೆಗೆ ಬಂದ ಮೇಲೆ ಜಗಳವಾಡುತ್ತಾಳೆಂದುಕೊಂಡಿದ್ದೆ. ಮಾತು ಸಿದ್ಧಮಾಡಿಕೊಂಡೂ ಇದ್ದೆ: ಈ ಮನೆ ಅವರದು, ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು, ನಿನಗೆ ಹಕ್ಕಿ ಹೆಚ್ಚೋ ನಾನು ಹೆಚ್ಚೋ ಎಂದೆಲ್ಲ. ಅವಳು ನನಗೆ ಊಟ ಬಡಿಸಿದಳು. "ನೀ ಕಂಡಿದ್ದಿ, ತಮ್ಮಾ," ಎಂದಳು. ಅಷ್ಟೆ.

ಮರುದಿನ ಬೆಳಗ್ಗೆ ಮೇಸ್ತ್ರಿ ಆಳುಗಳನ್ನು ಕರೆತಂದ. ಡ್ರಮ್ಮುಗಳನ್ನು ಕಟ್ಟಿದ ತೆಪ್ಪ, ಉದ್ದ ಗಳುವಿಗೆ ಕಟ್ಟಿದ ಕೊಕ್ಕೆಗಳು, ದಂಡೆಯಿಂದ ಎಳೆಯಲು ಹಗ್ಗ. ಸೆಕ್ರೆಟರಿ ಹೊಸ ಡಿಜಿಟಲ್ ಕ್ಯಾಮೆರಾ ತಂದಿದ್ದ. ಆಗ ನನಗೊಂದು ಬುದ್ಧಿ ಹೊಳೆಯಿತು. ಕೆಲಸಕ್ಕೆ ಮೊದಲು ಹಕ್ಕಿಗಳನ್ನು ಎಬ್ಬಿಸಿ ಓಡಿಸಿಬಿಟ್ಟರೆ ಪಾಪವೂ ಇಲ್ಲ, ಅಕ್ಕನ ಬಾಯಿಗೂ ಬೀಗ. ಎಣ್ಣೆ ಡಬ್ಬಿಯ ತಗಡು ಹಿಡಿದು ದಂಡೆಯ ಸುತ್ತ ಬಡಿಯುತ್ತ ನಡೆದೆ. ನಮ್ಮ ಸೀಮೆಯಲ್ಲಿ ಜೋಳ ಹಾಲುಗಾಳಾದಾಗ ಹೊಲ ಕಾಯುವವರು ಮಾಡುವುದು ಇದನ್ನೇ. ಹುಡುಗನಾಗಿದ್ದಾಗ ನಾನೂ ಹೊಲದ ನಡುವಿನ ಅಟ್ಟಣೆ, ಆ ಮಂಚಿಕೆಯ ಮೇಲೆ ನಿಂತು ತಗಡು ಬಡಿದವನು. ಬಡಿದರೆ ಗಿಳಿ, ಗುಬ್ಬಿ ಎಲ್ಲ ಒಟ್ಟಿಗೆ ಭುರ್ರೆಂದು ಏಳುತ್ತವೆ, ಹೊಲ ಖಾಲಿಯಾಗುತ್ತದೆ.

ಬೆಳ್ಳಕ್ಕಿಗಳು ಎದ್ದವು. ಬಾತುಗಳು ಎದ್ದವು. ಕೊನೆಗೆ ಬಾಲದಪ್ಪ ಎದ್ದು, ಬೆಕ್ಕಿನಂತೆ ಕೂಗುತ್ತ ನೈದಿಲೆಯ ಮೇಲೆಯೇ ಸುತ್ತು ಹಾಕಿತು. ಎಲೆಗಳ ಮೇಲೆ ಏನೂ ಕಾಣಲಿಲ್ಲ. ಸೆಕ್ರೆಟರಿ ಹೆಬ್ಬೆರಳೆತ್ತಿದ. "ಸೂಪರ್ ಐಡಿಯಾ ಸಾರ್. ಈಗ ಖಾಲಿ."

ಅಡುಗೆಮನೆಯ ಬಾಗಿಲಿಂದ ಅಕ್ಕ ಕೂಗಿದಳು. "ಏ ತಮ್ಮಾ! ಬಡೀಬ್ಯಾಡೋ! ಅವು ಎಲಿ ಕೆಳಗ ಹೊಕ್ಕಾವ!"

ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ಆಳುಗಳು ಕೊಕ್ಕೆ ಹಿಡಿದು ನಿಂತೇ ಇದ್ದರು. ಮೇಸ್ತ್ರಿ ಅವಳನ್ನು ನೋಡಿ, ನನ್ನನ್ನು ನೋಡಿ, "ಶುರು ಜೇಯ್ಯಾಲ್ನಾ ಸಾರ್?" ಎಂದ. ಶುರು ಮಾಡಬೇಕೇ ಎಂದು.

ಇಲ್ಲಿಯವರೆಗೆ ಬಂದು ನಾನು ಎಷ್ಟೋ ಸಲ ಸುಳ್ಳು ಬರೆದಿದ್ದೇನೆ. ಹೊಲದ ಅಭ್ಯಾಸ, ತಗಡಿನ ಅಭ್ಯಾಸ, ಕೈ ತಾನೇ ನಡೆಯಿತು ಎಂದು. ಸುಳ್ಳು. ಬಾಲದಪ್ಪ ಒಂದೇ ಮೇಲೆದ್ದು ಕೂಗಿದ ಗಳಿಗೆಯಲ್ಲೇ ನನಗೆ ಹದ್ದಿನ ದಿನ ನೆನಪಾಗಿತ್ತು. ನೀರಿನ ಮೇಲಿನ ಆ ಚುಕ್ಕೆ ನೆನಪಾಗಿತ್ತು. ಬೇಡ, ನಿಲ್ಲಿಸು ಎನ್ನಲು ಬಾಯಿ ತೆರೆದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ನಿನ್ನೆಯ ನನ್ನ ಬೆರಳು ಸುಳ್ಳಾಗುತ್ತಿತ್ತು. ಹುಚ್ಚಿ ಎಂದವನೇ ಹುಚ್ಚಿಯ ಮಾತು ಕೇಳಿದ ಎಂದಾಗುತ್ತಿತ್ತು. ಒಂದು ಬೆರಳಿನ ಮಾನ ಉಳಿಸಲು ನಾನು ಹೂಂ ಎಂದೆ.

ಕೊಕ್ಕೆಗಳು ಬಿದ್ದವು. ಬೇರು, ದಂಟು, ಎಲೆ, ಕೆಸರು ಎಲ್ಲ ಕಂಬಳಿ ಎಳೆದಂತೆ ಹಗ್ಗಕ್ಕೆ ಸಿಕ್ಕಿ ಬಂತು. ಹದ್ದಿನಿಂದ ಉಳಿಯಲು ಹುಟ್ಟಿನಿಂದಲೇ ಬಂದ ಉಪಾಯ ಅವುಗಳದು: ಅಲುಗಬೇಡ, ಮುಳುಗು, ಅಪ್ಪ ಹೇಳುವವರೆಗೆ ಕಾಯಿ. ಅವು ಕಾಯುತ್ತಿದ್ದವು. ಅಪ್ಪ ಮೇಲೆ ಕೂಗುತ್ತಲೇ ಇತ್ತು. ಅದು ಕೂಗುವಷ್ಟು ಹೊತ್ತು ಅವು ಅಲುಗುವಂತಿರಲಿಲ್ಲ.

ದಂಡೆಯ ಮೇಲೆ ರಾಶಿ ಏರಿತು. ಅಕ್ಕ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಬಿಡಿಸತೊಡಗಿದಳು. ಎಲ್ಲರೂ ನೋಡುತ್ತಿದ್ದರು. ನಾನು ಹೋಗಿ ಅವಳ ರಟ್ಟೆ ಹಿಡಿದು, "ಏಳು ಮನಿಗೆ. ಮಂದ್ಯಾಗ ಮರ್ಯಾದಿ ಕಳೀಬ್ಯಾಡ," ಎಂದು ಹಲ್ಲು ಕಚ್ಚಿ ಹೇಳಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ದಂಟು ಸರಿಸುತ್ತಲೇ ಇದ್ದಳು. ಎರಡು ಸಿಕ್ಕವು. ಮೂರನೆಯದು ಸಿಗಲಿಲ್ಲ. ಒಂದರ ಕಾಲು ಇನ್ನೂ ಆಡುತ್ತಿತ್ತು, ಅವಳ ಅಂಗೈಯಲ್ಲೇ ನಿಂತಿತು. ಅವಳು ಅದರ ರೆಕ್ಕೆಯನ್ನು ಬೆರಳಿಂದ ಬಿಡಿಸಿ ನನಗೆ ತೋರಿಸಿದಳು. ಮೊಂಡು ತುಂಡಿನ ಅಂಚಿನಲ್ಲಿ ಹುಲ್ಲುಕಡ್ಡಿಯಂಥ ಕೊಳವೆಗಳ ಸಾಲು. ಒಂದೊಂದರ ತುದಿ ಒಡೆದು ಬಿಳಿ ಗರಿ ಇಣುಕುತ್ತಿತ್ತು.

"ಬರಾಕತ್ತಿದ್ವು," ಎಂದಳು.

ಸೆಕ್ರೆಟರಿಯ ಮುಖ ಬಿಳಿಚಿತ್ತು. ಕ್ಯಾಮೆರಾ ಕೆಳಗಿಳಿಸಿದ್ದ. "ಸಾರ್, ನೀವು ಹಾರಿಹೋಗಿದೆ ಅಂದ್ರಲ್ಲ," ಎಂದ. ನಾನು ಅವನಿಗೆ ಕೈ ಮುಗಿದೆ. "ಕ್ಷಮಾ ಮಾಡ್ರಿ ಸರ್, ನಮ್ಮ ಅಕ್ಕನಿಂದ ನಿಮಗ ತ್ರಾಸ ಆತು," ಎಂದೆ.

ಹೌದು. ಅವಳ ಅಂಗೈಯಲ್ಲಿ ಆ ಮರಿ ಇರುವಾಗಲೇ, ಅವಳಿಗೆ ಕೇಳಿಸುವಂತೆಯೇ.

ಗಣಪತಿ ಮುಳುಗಿದ. ಒಳ್ಳೆಯ ವ್ಯವಸ್ಥೆ ಮಾಡಿದ್ದಕ್ಕೆ ನನಗೆ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ. ಕಾಲಿಡಲು ಎಲೆಯಿಲ್ಲದ ಬಾಲದಪ್ಪ ಕೆಲವು ದಿನ ಸಿಮೆಂಟಿನ ದಂಡೆಯ ಮೇಲೆ, ಆ ಉದ್ದ ಬೆರಳುಗಳ ಮೇಲೆ ಎಡವುತ್ತ ಓಡಾಡಿತು. ಆಮೇಲೆ ಕಾಣಲಿಲ್ಲ. ಆ ಶಾಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಸುಟ್ಟಿದ್ದೆ ಎಂದು ಬರೆದರೆ ಚೆಂದ ಕಾಣುತ್ತಿತ್ತು. ಸುಡಲಿಲ್ಲ. ಚಳಿಗಾಲದಲ್ಲಿ ಹೊದ್ದಿದ್ದೇನೆ.

ಅಕ್ಕ ಅಡುಗೆಮನೆಯ ಬಾಗಿಲು ಮುಚ್ಚಿಯೇ ರೊಟ್ಟಿ ಬಡಿಯತೊಡಗಿದಳು. ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೂ ಸಿಟ್ಟಾಗಲು ಒಂದು ನೆಪ ಸಿಗುತ್ತಿತ್ತು. ಅವಳು ಮಾಡಿದ್ದೇ ಬೇರೆ. ಹಾಲಿನವನು ನಾಳೆ ಎಷ್ಟು ಬೇಕಮ್ಮಾ ಎಂದು ಕೇಳಿದರೆ ತೆಲುಗಿನಲ್ಲಿ ನಗುನಗುತ್ತಲೇ, ನನ್ನ ತಮ್ಮನನ್ನು ಕೇಳಪ್ಪ, ನನ್ನ ತಲೆ ಸರಿಯಿಲ್ಲ ಎನ್ನುತ್ತಿದ್ದಳು. ಸೆಕ್ರೆಟರಿ ಒಮ್ಮೆ ಹಣ್ಣು ಹಿಡಿದುಕೊಂಡು ಬಂದು, "ಅಜ್ಜಿ, ಅವತ್ತು ತಪ್ಪಾಯ್ತು," ಎಂದ. ಅವನು ಬಂದು ಕ್ಷಮೆ ಕೇಳಿದ, ನೋಡಿ. ಅವಳು ಅವನ ತಲೆ ನೇವರಿಸಿ, "ನಿಂದೇನಿಲ್ಲ ಬಿಡಪಾ," ಎಂದು ಚಹಾ ಕೊಟ್ಟಳು. ನಾನು ಅಲ್ಲೇ ಇದ್ದೆ. ಅವಳು ಕಪ್ಪು ಬಸಿ ತೊಳೆಯುತ್ತಿದ್ದಾಗ ಒಂದು ಮಾತು ಹೇಳಬಹುದಿತ್ತು. ಮೋಟರ್ ನೋಡಿ ಬರುತ್ತೇನೆಂದು ಹೊರಗೆ ಹೋದೆ. ಮೋಟರ್ ಸರಿಯಾಗಿಯೇ ಇತ್ತು.

ಕೆಲವು ವರ್ಷದ ಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಯಾವಾಗ ಶುರುವಾಯಿತೋ, ಅವಳು ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ, ನೋವು ಎಷ್ಟು ದಿನದಿಂದ ಎಂದು ಹಿಂದಿಯಲ್ಲಿ ಕೇಳಿದರು. ಅವಳು ಮಲಗಿದಲ್ಲಿಂದಲೇ ನನ್ನ ಕಡೆ ಕೈ ತೋರಿಸಿದಳು.

"ಇವನನ್ನ ಕೇಳ್ರಿ," ಎಂದಳು ಕನ್ನಡದಲ್ಲೇ. "ನಂದು ತಲಿ ಸರಿ ಇಲ್ಲಂತ."

ಡಾಕ್ಟರಿಗೆ ತಿಳಿಯಲಿಲ್ಲ. ಏನಂದರು ಎಂದು ನನ್ನನ್ನು ಕೇಳಿದರು. ಆಗಲೂ ನಾನು ಸುಳ್ಳು ಹೇಳಿದೆ. ಗೊತ್ತಿಲ್ಲವಂತೆ ಎಂದೆ. ಅವಳ ಕೈ ಹಿಡಿದಿದ್ದೆ. ದಂಡೆಯ ಮೇಲೆ ಹಿಡಿದಿದ್ದ ಅದೇ ರಟ್ಟೆ, ಈಗ ಕಡ್ಡಿಯಂತಾಗಿತ್ತು. ತಪ್ಪಾಯಿತೆಂದು ನಾಳೆ ಹೇಳೋಣ, ನೋವು ಇಳಿಯಲಿ ಎಂದುಕೊಂಡೆ. ಅವಳಿಗೆ ನಾಳೆ ಬರಲಿಲ್ಲ.

ಅವಳು ಹೋದ ಮೇಲೆ ಗುಡಿಗೆ ಹೋಗಿ ತಪ್ಪಾಯಿತೆಂದು ಗಣಪತಿಗೆ ಅಡ್ಡಬಿದ್ದೆ. ಕುಂಟೆಯ ದಂಡೆಯಲ್ಲಿ ಕಾಯಿ ಒಡೆದು ಆ ನೀರಿಗೂ ಕೈ ಮುಗಿದೆ. ಕಲ್ಲಿಗೆ, ನೀರಿಗೆ, ಕ್ಯಾಮೆರಾ ಹಿಡಿದ ಹುಡುಗನಿಗೆ, ಎಲ್ಲರಿಗೂ ಕ್ಷಮೆ ಕೇಳಿ ಮುಗಿಸಿದೆ, ಹೇಡಿ. ಕೇಳದೆ ಬಿಟ್ಟದ್ದು ಒಬ್ಬಳನ್ನೇ, ಒಂದು ಕಂಕುಳಲ್ಲಿ ಕೊಡ, ಇನ್ನೊಂದರಲ್ಲಿ ನನ್ನನ್ನು ಇರುಕಿಕೊಂಡು ನಡೆದವಳನ್ನು. ನನ್ನ ಅಕ್ಕನನ್ನು.